‘ಕಾಂತಾಪುರ’ದ ಇಂಗ್ಲಿಷು

ಹಾಸನದಲ್ಲಿ ಜನಿಸಿದ ರಾಜಾರಾವ್ ಅವರು 1938ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದ ‘ಕಾಂತಾಪುರ’ವೆಂಬ ಕಾದಂಬರಿಯ ಶರೀರ ಇಂಗ್ಲಿಷಾದರೂ ಉಸಿರು ಕನ್ನಡದ್ದು. ಕಥೆಯನ್ನು ಹೇಳುವವಳು ಅಚ್ಚಕ್ಕನೆಂಬ ಮುದುಕಿ. ನಮ್ಮ ಹಾಲುರಾಮೇಶ್ವರದ ಜಗುಲಿಗಳಲ್ಲಿ ಕ್ಷೇತ್ರಮಹಿಮೆಯನ್ನು ಹೇಳುವ ಅಜ್ಜಿಯರಂತೆ ಮಾತಿಗೆ ಮಾತನ್ನು ಪೋಣಿಸುತ್ತ ಹೋಗುವಳು; ಪೂರ್ಣವಿರಾಮವೇ ಅವಳಿಗೆ ಬೇಡ. ಮೂಲೆಮನೆಯ ಮೂರ್ತಿ, ಒಂಬತ್ತು ತೊಲೆಯ ಮನೆಯ ರಂಗಮ್ಮ ಎಂದು ಮನೆಯಿಂದ ಮನುಷ್ಯರನ್ನು ಗುರುತಿಸುವ ಪದ್ಧತಿಯೂ ಅಲ್ಲಿ ಹಾಗೆಯೇ ಇಂಗ್ಲಿಷನ್ನು ಹೊಕ್ಕಿದೆ.

ಐರಿಷರಿಗೂ ಅಮೆರಿಕದವರಿಗೂ ಇರುವಂತೆ ನಮಗೂ ಸ್ವಂತದ್ದಾದ ಇಂಗ್ಲಿಷೊಂದು ಮುಂದೆ ಸಿದ್ಧಿಸುವುದೆಂದು ಗ್ರಂಥಕರ್ತರು ಮುನ್ನುಡಿಯಲ್ಲಿ ವಾದಿಸಿರುವರು. ಇದನ್ನೋದಿ ನನಗೆ ಲಜ್ಜೆಯಾಯಿತು. ದೊಡ್ಡಪ್ಪನ ಮಗನನ್ನು ‘ಕಸಿನ್ ಬ್ರದರ್’ ಎಂದು ಬರೆದ ಹುಡುಗರ ‘ಬ್ರದರ’ನ್ನು ಕೆಂಪು ಮಸಿಯಿಂದ ಹೊಡೆದುಹಾಕಿದವನು ನಾನು. ಅಣ್ಣನನ್ನು ಅಣ್ಣನೆನ್ನದೆ ಅವರು ಮತ್ತೇನೆನ್ನಬೇಕಿತ್ತು? ಇಂದು ವ್ಯಾಪಾರವೂ ಯಂತ್ರಗಳೂ ಆ ಭಾಷೆಯನ್ನು ಲೋಕವೆಲ್ಲ ಹರಡಿರಲು, ಸಿಂಗಪುರದವರೂ ನೈಜೀರಿಯದವರೂ ಅದನ್ನು ತಂತಮ್ಮ ನಾಲಗೆಗೆ ಒಗ್ಗಿಸಿಕೊಂಡಿರುವರು.

ಆದರೂ ಒಂದು ಆಕ್ಷೇಪಣೆಯುಂಟು. ಅಚ್ಚಕ್ಕನ ಮಾತಿನ ಸವಿ ಪೂರ್ತಿ ತಿಳಿಯುವುದು ಕನ್ನಡ ಬಲ್ಲವನಿಗೇ. ಅನ್ಯರಿಗೆ ಅದರಲ್ಲಿ ಅರ್ಧಪಾಲು ಬರಿಯ ವೈಚಿತ್ರ್ಯ. ಅಚ್ಚಕ್ಕನಂಥವಳಿಗೋ, ತನ್ನ ಕಥೆಯನ್ನು ತಾನೇ ಓದಲಾಗದು. ಕೆಲವು ಪ್ರಕರಣಗಳನ್ನು ನನ್ನ ಮನೆಯಾಕೆಗೆ ಕನ್ನಡಿಸಿ ಹೇಳಿದೆನು. ಕಣ್ಣೊರಸಿಕೊಂಡು, ‘ಇದನ್ನು ಅವರು ಇಂಗ್ಲಿಷಿನಲ್ಲೇಕೆ ಬರೆದರು?’ ಎಂದು ಕೇಳಿದಳು.