ಪೆಗಿ ಆಶ್‌ಕ್ರಾಫ್ಟ್: ಊಟದ ಮೇಜಿನ ಆ ನೋಟ

ಈ ವಾರ ‘ಎ ಪ್ಯಾಸೇಜ್ ಟು ಇಂಡಿಯಾ’ದ ಮಿಸೆಸ್ ಮೂರ್ ಬಗ್ಗೆ ಬರೆಯುವುದಾಗಿ ಹೇಳಿದ್ದೆ. ನಿರ್ದೇಶಕ ಡೇವಿಡ್ ಲೀನ್ ನಮ್ಮ ಸಾವನದುರ್ಗದ ಬಂಡೆಗಳಲ್ಲಿ ಕಥೆಯ ಮರಾಬಾರ್ ಗುಹೆಗಳನ್ನು ಕಂಡ ಚಿತ್ರವದು. ಆ ಪಾತ್ರಕ್ಕೆ ಪೆಗಿ ಆಶ್‌ಕ್ರಾಫ್ಟ್ ಅವರಿಗೆ ಆಸ್ಕರ್ ಬಂದಾಗ ವಯಸ್ಸು 77. ಬರೆಯಲು ಕೂರುವ ಮೊದಲು ಹಿಚ್‌ಕಾಕ್‌ನ ‘ದ 39 ಸ್ಟೆಪ್ಸ್’ ಇನ್ನೊಮ್ಮೆ ನೋಡಿದೆ. ಮಿಸೆಸ್ ಮೂರ್ ಮುಂದಿನ ವಾರಕ್ಕಿರಲಿ.

1935ರ ಚಿತ್ರ. ಕೊಲೆಯ ಆರೋಪ ಹೊತ್ತು ಓಡುತ್ತಿರುವ ಹ್ಯಾನೆ ಸ್ಕಾಟ್ಲೆಂಡಿನ ಒಂಟಿ ರೈತನ ಮನೆಯಲ್ಲಿ ರಾತ್ರಿ ತಂಗುತ್ತಾನೆ. ಗಂಡ ಮುದುಕ, ದೈವಭೀರು, ಅನುಮಾನದ ಪ್ರಾಣಿ. ಹೆಂಡತಿಯ ಪಾತ್ರ ಪೆಗಿಯದು. ಅವಳು ಗ್ಲಾಸ್ಗೋ ಪೇಟೆಯಲ್ಲಿ ಬೆಳೆದವಳು; ಶನಿವಾರ ಸಂಜೆಯ ದೀಪ, ಟ್ರ್ಯಾಮು, ಜನಜಂಗುಳಿಗಾಗಿ ಇನ್ನೂ ಹಂಬಲಿಸುತ್ತಾಳೆ. ಲಂಡನ್ನಿನ ಹೆಂಗಸರು ಕಾಲುಗುರಿಗೂ ಬಣ್ಣ ಹಚ್ಚುತ್ತಾರಂತೆ, ನಿಜವೇ ಎಂದು ಅತಿಥಿಯನ್ನು ಕೇಳುತ್ತಾಳೆ. ಆಮೇಲೆ ಊಟ. ಗಂಡ ಪ್ರಾರ್ಥನೆ ಹೇಳುತ್ತಿದ್ದಾನೆ. ಅವಳ ಕಣ್ಣು ಪತ್ರಿಕೆಯ ಸುದ್ದಿಯ ಮೇಲೆ ಬೀಳುತ್ತದೆ, ಅಲ್ಲಿಂದ ಹ್ಯಾನೆಯತ್ತ ಹೊರಳುತ್ತದೆ. ಅವನು ಕಣ್ಣಲ್ಲೇ ಬೇಡಿಕೊಳ್ಳುತ್ತಾನೆ. ಇಬ್ಬರ ನೋಟವನ್ನೂ ಕದ್ದು ಕಂಡ ಗಂಡ ಅದನ್ನು ಪ್ರಣಯವೆಂದು ತಿಳಿಯುತ್ತಾನೆ. ಭಯ, ಮರುಕ, ನಿರ್ಧಾರ ಮೂರೂ ಆ ಮುಖದ ಮೇಲೆ ಹಾದುಹೋಗುತ್ತವೆ, ಒಂದು ಮಾತಿಲ್ಲ. ರಾತ್ರಿ ಪೊಲೀಸರು ಬಂದಾಗ ಅತಿಥಿಯನ್ನು ಎಬ್ಬಿಸಿ, ಗಂಡನ ಕೋಟು ತೊಡಿಸಿ ಕಳಿಸುತ್ತಾಳೆ. ಮುಂದೆ ಗುಂಡು ತಡೆಯುವುದು ಆ ಕೋಟಿನ ಜೇಬಿನಲ್ಲಿದ್ದ ಸ್ತುತಿಗೀತೆಗಳ ಪುಸ್ತಕ. ಕೋಟು ಕೊಟ್ಟದ್ದಕ್ಕೆ ಅವಳಿಗೆ ಸಿಕ್ಕಿದ್ದು ಗಂಡನ ಹೊಡೆತ.

ರಂಗಭೂಮಿಯ ನಟರಿಗೆ ಕ್ಯಾಮೆರಾ ಒಗ್ಗುವುದಿಲ್ಲ, ಕೊನೆಯ ಸಾಲಿನ ಪ್ರೇಕ್ಷಕನಿಗೆ ಕೇಳಿಸುವ ಅಭ್ಯಾಸ ಅವರನ್ನು ಬಿಡುವುದಿಲ್ಲ ಎಂದು ವಾದಿಸುವವರು ಈ ದೃಶ್ಯಕ್ಕೆ ಉತ್ತರ ಹೇಳಬೇಕು. ಈ ವಾದ ನನಗೆ ಎಂದೂ ಒಪ್ಪಿಗೆಯಾಗಿಲ್ಲ. ಆಗ 27ರ ಹರೆಯದ ಪೆಗಿ ಅಪ್ಪಟ ರಂಗನಟಿ. 1930ರಲ್ಲೇ ಪಾಲ್ ರೋಬ್ಸನ್ನರ ಒಥೆಲೊಗೆ ಡೆಸ್ಡಿಮೋನಾ ಆಗಿದ್ದವರು. ಎದುರಿನ ನಟನ ಮಾತನ್ನು ಮೈಯೆಲ್ಲ ಕಿವಿಯಾಗಿ ಕೇಳುವುದನ್ನು ಕಲಿಸಿದ್ದು ಆ ರಂಗವೇ. ಕ್ಯಾಮೆರಾ ಹಿಡಿಯುವುದೂ ಅದನ್ನೇ.

ಸಿನಿಮಾ ಅವರನ್ನು ಆಗೊಮ್ಮೆ ಈಗೊಮ್ಮೆ ಕರೆಯಿತು, ಅಷ್ಟೆ. ಕಿರುತೆರೆಯಲ್ಲಿ ದೊಡ್ಡ ಪಾತ್ರ ಸಿಕ್ಕಿದ್ದು ಇಳಿವಯಸ್ಸಿನಲ್ಲಿ. 1984ರ ‘ದ ಜ್ಯುವೆಲ್ ಇನ್ ದ ಕ್ರೌನ್’ ಧಾರಾವಾಹಿಯ ಬಾರ್ಬಿ ಬ್ಯಾಚೆಲರ್ ನಿವೃತ್ತ ಮಿಷನರಿ ಶಿಕ್ಷಕಿ, ಬಾಯಿಬಡುಕಿ. ಅವಳು ವಟಗುಟ್ಟುವಾಗಲೂ, ಯಾರೂ ತನ್ನ ಮಾತಿಗೆ ಕಿವಿಗೊಡುತ್ತಿಲ್ಲವೆಂಬ ಅರಿವು ಪೆಗಿಯ ಕಣ್ಣಲ್ಲಿ ಕಾಣುತ್ತದೆ. ಅದಕ್ಕೆ ಬಾಫ್ಟಾ ಬಂತು. ನನ್ನ ಲೆಕ್ಕದಲ್ಲಿ ಅದು ಆಸ್ಕರ್ ತಂದ ಪಾತ್ರಕ್ಕಿಂತ ದೊಡ್ಡ ಕೆಲಸ.

ಅಭಿನಯ ಕಲಿಯುತ್ತಿರುವ ಓದುಗರಲ್ಲಿ ಒಂದು ಕೋರಿಕೆ: ‘ದ 39 ಸ್ಟೆಪ್ಸ್’ನ ಊಟದ ದೃಶ್ಯವನ್ನು ಮೊದಲು ಧ್ವನಿ ನಿಲ್ಲಿಸಿ ನೋಡಿ.