ಕಲ್ಲು ಕೂರಿಸುವ ಕೈ

ಸಿಕ್ಲಿಡ್ ತೊಟ್ಟಿಯ ಮುಂದೆ ನಿಂತವರೆಲ್ಲ ಮೀನಿನ ಬಣ್ಣ ನೋಡುತ್ತಾರೆ. ನನ್ನ ಕಣ್ಣು ಹೋಗುವುದು ಹಿಂದಿನ ಕಲ್ಲುಗಳ ಮೇಲೆ. ಆಫ್ರಿಕಾದ ಮಲಾವಿ ಸರೋವರದ ಬಂಡೆಸಂದಿಗಳಲ್ಲಿ ಬದುಕುವ ಎಂಬೂನಾ ಎಂಬ ಸಿಕ್ಲಿಡ್ ಮೀನುಗಳು ಮಹಾ ಜಗಳಗಂಟಿಗಳು. ಒಂದೊಂದು ಗಂಡಿಗೂ ತನ್ನದೇ ಜಾಗ ಬೇಕು. ಆ ಹಟವನ್ನು ನಾಲ್ಕಡಿ ಗಾಜಿನೊಳಗೆ ಹದಕ್ಕೆ ತರುವವನು ಕಲ್ಲು ಜೋಡಿಸುವವನು.

ಬಲ್ಲವರು ಮರಳು ಸುರಿಯುವ ಮೊದಲೇ ಕಲ್ಲು ಕೂರಿಸುತ್ತಾರೆ. ಈ ಮೀನುಗಳು ಬಾಯಿತುಂಬ ಮರಳು ಮೊಗೆದು ಆಚೆ ಉಗುಳುತ್ತವೆ. ಮರಳಿನ ಮೇಲೆ ನಿಂತ ಕಲ್ಲು ಬುಡ ಸಡಿಲಾಗಿ ಗಾಜಿಗೇ ಉರುಳೀತು. ಪ್ರತಿ ಕಲ್ಲನ್ನೂ ತಿರುಗಿಸಿ, ಮುಖ ನೋಡಿ, ಇಟ್ಟು, ಬೆರಳಿನಿಂದ ಅಲುಗಿಸಿ, ಮತ್ತೆ ಎತ್ತಿ ಓರೆ ಮಾಡಿ ಇಡಬೇಕು. ಮೂರು ಕಡೆ ಊರಿ ನಿಂತ ಮೇಲೇ ಕೈ ಬಿಡುವುದು. ಒಂದೇ ಬಾಗಿಲಿನ ಗುಹೆ ಬೋನಿದ್ದಂತೆ, ಹಿಂಬಾಗಿಲು ಇರಲೇಬೇಕು. ಬಾಯಲ್ಲಿ ಮೊಟ್ಟೆ ಕಾಯುವ ಹೆಣ್ಣು ಸುಮಾರು ಮೂರು ವಾರ ಹೊಟ್ಟೆ ಕಟ್ಟಿಕೊಂಡು ಅಡಗುವುದು ಇಂಥ ಕಡೆಯೇ. ನಡುವೆ ನೆಟ್ಟಗೆ ನಿಲ್ಲಿಸಿದ ಚಪ್ಪಡಿಯೊಂದು ಎರಡು ಗಂಡುಗಳ ನೋಟ ತಪ್ಪಿಸಿದರೆ ಅರ್ಧ ಜಗಳ ಅಲ್ಲಿಗೇ ಮುಗಿಯಿತು.

ನಮ್ಮ ಶಹಾಬಾದ್ ಕಲ್ಲು ಇಲ್ಲಿ ಚೆನ್ನಾಗಿ ಒದಗುತ್ತದೆ. ಅದು ಸುಣ್ಣದ ಕಲ್ಲು, ವಿನೆಗರ್ ಹನಿಸಿದರೆ ನೊರೆ ಏಳುತ್ತದೆ. ಮಲಾವಿಯ ನೀರು ಕ್ಷಾರದ್ದು, ಪಿಎಚ್ 8ರ ಆಸುಪಾಸು. ಹಾಗಾಗಿ ಈ ಮೀನುಗಳಿಗೆ ಆ ಸುಣ್ಣ ಹಿತವೇ. ಪ್ಲಾಸ್ಟಿಕ್ ಕೋಟೆ, ಮುಳುಗಿದ ಹಡಗು ತಂದಿಡುವವರ ವಿಷಯ ಬಿಡಿ.

ಕೆಲವು ವಾರಗಳಲ್ಲಿ ಬೆಳಕು ಬಿದ್ದ ಮುಖಗಳಿಗೆ ಹಸಿರು ಪಾಚಿ ಹಿಡಿಯುತ್ತದೆ. ಅದನ್ನು ಉಜ್ಜದೆ ಬಿಡುವುದೂ ಜಾಣತನ. ಎಂಬೂನಾಗಳು ಸರೋವರದಲ್ಲಿ ಮೇಯುವುದು ಬಂಡೆಗೆ ಹಿಡಿದ ಇಂಥ ಪಾಚಿಯನ್ನೇ.