ವೈರದಿಂದ ಒಲವಿಗೆ: ಸಣ್ಣ ಊರಿನ ಪ್ರಣಯ ಕಾದಂಬರಿಯ ಒಂದು ವಿವೇಚನೆ

ಜನಪ್ರಿಯ ಪ್ರಣಯ ಕಾದಂಬರಿಯನ್ನು ನಮ್ಮ ವಿಮರ್ಶೆ ಬಹುಕಾಲ ಹೊರಬಾಗಿಲಿನಲ್ಲಿಯೇ ನಿಲ್ಲಿಸಿದೆ. ಆದರೆ ಗುಬ್ಬಿಯಿಂದಲೂ ಕುಣಿಗಲಿನಿಂದಲೂ ದಿನವೂ ತುಮಕೂರಿಗೆ ಬಂದು ಓದುವ ವಿದ್ಯಾರ್ಥಿಗಳಲ್ಲಿ ಅನೇಕರು ಮೊದಲು ಕೈಗೆತ್ತಿಕೊಳ್ಳುವುದು ಇಂತಹ ಕಾದಂಬರಿಗಳನ್ನೇ. ಓದುವವರಿದ್ದೂ ವಿಚಾರಿಸುವವರಿಲ್ಲದ ಸಾಹಿತ್ಯಪ್ರಕಾರ ಯಾವುದಕ್ಕೂ ಹಿತವಾಗಲಾರದು. ಆದುದರಿಂದ ಈ ಪ್ರಕಾರದ ಒಂದು ಪ್ರಸಿದ್ಧ ಹಂದರವನ್ನು ಮಾತ್ರ ಇಲ್ಲಿ ಪರಿಶೀಲಿಸಲು ಯತ್ನಿಸುತ್ತೇವೆ. ಒಂದೇ ಸಣ್ಣ ಊರಿನ ಗಂಡು ಹೆಣ್ಣು ಮೊದಲು ವೈರಿಗಳಾಗಿರುತ್ತಾರೆ, ಕಡೆಗೆ ಪ್ರೇಮಿಗಳಾಗುತ್ತಾರೆ. ಈ ಮಾರ್ಪಾಡು ಹೇಗೆ ಸಾಧ್ಯವಾಯಿತು ಎಂಬುದೇ ಕಥೆಯ ಜೀವ. ಕೃತಿಯ ಬೆಲೆಯನ್ನು ಕಟ್ಟಬೇಕಾದುದೂ ಅಲ್ಲಿಯೇ.

ಈ ಸಮಸ್ಯೆ ಹೊಸತೆಂದು ಭಾವಿಸಬೇಕಾಗಿಲ್ಲ. ಕ್ರೋಧ ರೌದ್ರಕ್ಕೆ ಸ್ಥಾಯಿ, ರತಿ ಶೃಂಗಾರಕ್ಕೆ ಸ್ಥಾಯಿ; ಇವೆರಡೂ ಪರಸ್ಪರ ವಿರೋಧಿಗಳೆಂದು ಕೆಲವು ಆಲಂಕಾರಿಕರ ಮತ. ವಿರೋಧಿ ರಸಗಳನ್ನು ಒಂದೇ ಕೃತಿಯಲ್ಲಿ ತರಬೇಕಾದಾಗ ಕವಿ ಏನು ಮಾಡಬೇಕೆಂಬುದನ್ನು ಒಂಬತ್ತನೆಯ ಶತಮಾನದ ಆನಂದವರ್ಧನನು ಧ್ವನ್ಯಾಲೋಕದ ಮೂರನೆಯ ಉದ್ದ್ಯೋತದಲ್ಲಿ ಚರ್ಚಿಸಿದ್ದಾನೆ. ಅವನು ಸೂಚಿಸುವ ಉಪಾಯಗಳಲ್ಲೊಂದು, ನಡುವೆ ಮೂರನೆಯ ರಸವೊಂದನ್ನು ನಿಲ್ಲಿಸುವುದು. ಹರ್ಷನ ನಾಗಾನಂದದಲ್ಲಿ ಶಾಂತಕ್ಕೂ ಶೃಂಗಾರಕ್ಕೂ ನಡುವೆ ಅದ್ಭುತ ಬಂದು ವಿರೋಧವನ್ನು ಕಳೆಯುತ್ತದೆ. ಇದೇ ಜಿಲ್ಲೆಯ ತೀರ್ಥಪುರದವರಾದ ತೀ. ನಂ. ಶ್ರೀಕಂಠಯ್ಯನವರು ತಮ್ಮ ಭಾರತೀಯ ಕಾವ್ಯಮೀಮಾಂಸೆಯ ಮೂಲಕ ಇಂತಹ ವಿಚಾರಗಳನ್ನು ಕನ್ನಡ ವಿದ್ಯಾರ್ಥಿಗಳ ಕೈಗೆಟುಕುವಂತೆ ಮಾಡಿದರು. ಆ ಅಳತೆಗೋಲನ್ನು ಪ್ರಣಯ ಕಾದಂಬರಿಗೆ ಹಿಡಿದರೆ ಅಪಚಾರವೇನೂ ಆಗದು. ವೈರಕ್ಕೂ ಒಲವಿಗೂ ನಡುವೆ ಲೇಖಕರು ಏನನ್ನು ನಿಲ್ಲಿಸಿದ್ದಾರೆ? ನಾವು ಕೇಳಬೇಕಾದ ಮೊದಲ ಪ್ರಶ್ನೆ ಇದು.

ಲಕ್ಷ್ಮೀಶನ ಜೈಮಿನಿ ಭಾರತದಲ್ಲಿ ಇದಕ್ಕೊಂದು ಹಳೆಯ ನಿದರ್ಶನವಿದೆ. ಸ್ತ್ರೀರಾಜ್ಯದ ಒಡತಿ ಪ್ರಮೀಳೆ ಯಜ್ಞಾಶ್ವವನ್ನು ಕಟ್ಟಿಹಾಕುತ್ತಾಳೆ. ಅರ್ಜುನನು ಅವಳೊಡನೆ ಕಾದಲು ನಿಲ್ಲುತ್ತಾನೆ. ಆಗ ಅಶರೀರವಾಣಿಯಾಗುತ್ತದೆ, ಯುದ್ಧ ವಿವಾಹದಲ್ಲಿ ಮುಗಿಯುತ್ತದೆ. ಇಲ್ಲಿ ನಡುವೆ ನಿಂತುದು ಅದ್ಭುತ. ಪುರಾಣಕಥೆಗೆ ಅದು ಸಲ್ಲುತ್ತದೆ. ಆದರೆ ಇಬ್ಬರಲ್ಲಿ ಯಾರ ಮನಸ್ಸೂ ಒಳಗಿನಿಂದ ಬದಲಾಗಲಿಲ್ಲವೆಂಬುದನ್ನು ಗಮನಿಸಬೇಕು.

ಎರಡನೆಯ ಮಾರ್ಗ ಹಾಸ್ಯದ್ದು. ಗುಬ್ಬಿಯ ರಂಗಭೂಮಿಗೆ ಇದರ ಬಲ ಚೆನ್ನಾಗಿ ಗೊತ್ತಿತ್ತು. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯ ಸದಾರಮೆ ನಾಟಕದಲ್ಲಿ ಗುಬ್ಬಿ ವೀರಣ್ಣನವರು (1891–1972) ಕಳ್ಳನ ಪಾತ್ರ ವಹಿಸಿದಾಗ, ನಾಯಿಕೆಗೆ ವೈರಿಯಾದವನೇ ಪ್ರೇಕ್ಷಕರಿಗೆ ಪ್ರಿಯನಾಗುತ್ತಿದ್ದನು. ನಗೆ ಹಗೆಯ ಮೊನೆಯನ್ನು ಮೊಂಡು ಮಾಡುತ್ತದೆ. ಆದರೆ ಈ ಮಾರ್ಗದಲ್ಲಿ ಅಪಾಯವೂ ಉಂಟು. ಷೇಕ್ಸ್‌ಪಿಯರನ ಒಂದು ವಿನೋದ ನಾಟಕ ಪರ್ವತವಾಣಿಯವರ ಕೈಯಲ್ಲಿ ಬಹದ್ದೂರ್ ಗಂಡವಾಯಿತು. ಅದರಿಂದ 1989ರಲ್ಲಿ ನಂಜುಂಡಿ ಕಲ್ಯಾಣ ಚಲನಚಿತ್ರ ಹುಟ್ಟಿತು. ಇವುಗಳಲ್ಲಿ ಹಮ್ಮಿನ ಹೆಣ್ಣನ್ನು ಗಂಡು ಪಳಗಿಸುತ್ತಾನೆ. ನಾವು ನಗುತ್ತೇವೆ, ನಿಜ. ಆದರೆ ನಕ್ಕು ಮುಗಿಸಿದ ಮೇಲೆ, ಬಾಗಿದವಳು ಒಬ್ಬಳೇ ಎಂಬುದು ನೆನಪಿಗೆ ಬರುತ್ತದೆ. ಒಬ್ಬರ ಸೋಲನ್ನು ಇಬ್ಬರ ಒಲವೆಂದು ಕರೆಯುವುದು ಉಚಿತವೇ?

ಮೂರನೆಯ ಮಾರ್ಗ ತಿಳಿವಿನದು. ಜೇನ್ ಆಸ್ಟೆನಳು 1813ರಲ್ಲಿ ಪ್ರಕಟಿಸಿದ ಪ್ರೈಡ್ ಅಂಡ್ ಪ್ರೆಜುಡಿಸ್ ಕಾದಂಬರಿಯಲ್ಲಿ ಎಲಿಜಬೆತ್ ಡಾರ್ಸಿಯನ್ನು ತಿರಸ್ಕರಿಸುತ್ತಾಳೆ. ಅವನು ಬರೆದು ಕೊಟ್ಟ ಪತ್ರವನ್ನು ಮತ್ತೆ ಮತ್ತೆ ಓದಿ, ತಾನು ಎಲ್ಲಿ ತಪ್ಪಿದೆನೆಂದು ಕಾಣುತ್ತಾಳೆ. ಅವಳ ತಿರಸ್ಕಾರದಿಂದ ಅವನೂ ತನ್ನ ದರ್ಪವನ್ನು ಕಾಣುತ್ತಾನೆ. ಇಲ್ಲಿ ನಡುವೆ ನಿಂತುದು ಲಜ್ಜೆ. ಅದೂ ಇಬ್ಬರ ಲಜ್ಜೆ. ಎರಡು ಶತಮಾನಗಳಾದರೂ ಈ ಹಂದರ ಸವೆಯದೆ ಉಳಿದಿರುವುದಕ್ಕೆ ಇದೇ ಕಾರಣವೆಂದು ನಮಗೆ ತೋರುತ್ತದೆ.

ಇನ್ನು ನಮ್ಮ ಸಾಮಾನ್ಯ ಪ್ರಣಯ ಕಾದಂಬರಿಗೆ ಬರೋಣ. ಅದರಲ್ಲಿ ಪದೇ ಪದೇ ಕಾಣುವುದು ನಾಲ್ಕನೆಯದೊಂದು ಮಾರ್ಗ: ಅಪಘಾತ. ನಾಯಕನ ಕಾಲು ಮುರಿಯುತ್ತದೆ, ಇಲ್ಲವೇ ನಾಯಿಕೆಗೆ ಜ್ವರ ಬರುತ್ತದೆ. ಒಬ್ಬರು ಇನ್ನೊಬ್ಬರ ಶುಶ್ರೂಷೆ ಮಾಡುತ್ತಾರೆ. ಹಳೆಯ ಹಗೆ ಕರಗುತ್ತದೆ. ಕರುಣೆಯನ್ನು ಮಧ್ಯಸ್ಥಿಕೆಗೆ ಕರೆಯುವುದು ತಪ್ಪಲ್ಲ. ಆದರೆ ಕರುಣೆ ಪ್ರಶ್ನೆಯನ್ನು ಮುಚ್ಚಿಡಬಲ್ಲದೇ ಹೊರತು ಉತ್ತರಿಸಲಾರದು. ಇದನ್ನು ಕನ್ನಡದಲ್ಲಿ ಸ್ಪಷ್ಟವಾಗಿ ತೋರಿದ ಕಥೆ, ತ್ರಿವೇಣಿಯವರ ಕಾದಂಬರಿಯನ್ನು ಆಧರಿಸಿ 1967ರಲ್ಲಿ ಪುಟ್ಟಣ್ಣ ಕಣಗಾಲ್ ನಿರ್ದೇಶಿಸಿದ ಬೆಳ್ಳಿಮೋಡ. ಆಸ್ತಿಗಾಗಿ ಒಪ್ಪಿ, ಆಸ್ತಿ ಕೈತಪ್ಪಿದಾಗ ಬಿಟ್ಟುಹೋದ ಮೋಹನನು ಗಾಯಗೊಂಡಾಗ ಇಂದಿರೆ ಅವನ ಆರೈಕೆ ಮಾಡುತ್ತಾಳೆ. ಅವನ ಮನಸ್ಸು ತಿರುಗುತ್ತದೆ, ಮದುವೆಯಾಗಲು ಕೇಳುತ್ತಾನೆ. ಅವಳು ಒಪ್ಪುವುದಿಲ್ಲ. ಶುಶ್ರೂಷೆ ಬೇರೆ, ಕ್ಷಮೆ ಬೇರೆ, ಒಲವು ಬೇರೆ ಎಂಬ ವಿವೇಕ ಆ ನಿರಾಕರಣೆಯಲ್ಲಿದೆ. ಇದು ನಮ್ಮ ಹಂದರದ ಕಥೆಯಲ್ಲವೆಂದು ಯಾರಾದರೂ ಹೇಳಬಹುದು. ನಿಜವೇ, ಆದರೆ ಹಂದರದ ಕೊರತೆಯನ್ನು ಅದರ ಹೊರಗೆ ನಿಂತ ಕಥೆ ಬೆಳಗಿಸುತ್ತದೆ.

ಈಗ ಸಣ್ಣ ಊರಿನ ಮಾತು. ಮಹಾನಗರದಲ್ಲಿ ವೈರಿಗಳು ಒಬ್ಬರನ್ನೊಬ್ಬರು ತಪ್ಪಿಸಿಕೊಂಡು ಬಾಳಬಹುದು. ಗುಬ್ಬಿಯಂತಹ ಊರಿನಲ್ಲಿ ಅದು ಸಾಧ್ಯವಿಲ್ಲ. ಬಸ್ಸು ಒಂದೇ, ಸಂತೆ ಒಂದೇ, ಜಾತ್ರೆ ಒಂದೇ, ನೋಡುವ ಕಣ್ಣುಗಳೂ ಅವೇ. ಈ ಹಂದರಕ್ಕೆ ಸಣ್ಣ ಊರು ಒದಗಿಬರುವುದು ಇದರಿಂದಲೇ. ಆದರೂ ಅನೇಕ ಲೇಖಕರು ಊರನ್ನು ಬರಿಯ ತೆರೆಯಾಗಿ ತೂಗುಹಾಕಿ, ಅದರ ಮುಂದೆ ಹುಸಿಜಗಳವೊಂದನ್ನು ಆಡಿಸುತ್ತಾರೆ. ಚೆಲ್ಲಿದ ನೀರಿಗೋ ಆಡಿದ ಚುಚ್ಚುಮಾತಿಗೋ ಹುಟ್ಟಿದ ಜಗಳ ಅದು. ಹಗೆ ಹುಸಿಯಾದರೆ ಒಲವೂ ಹಗುರವಾಗುತ್ತದೆ.

ನಿಜವಾದ ವೈರಕ್ಕೆ ಈ ಸೀಮೆಯಲ್ಲಿ ಕೊರತೆಯಿಲ್ಲ. ಗೊರೂರಿನ ಅಣೆಕಟ್ಟೆಯಿಂದ ಬರುವ ಹೇಮಾವತಿಯ ನೀರನ್ನು ನೇರವಾಗಿ ಕುಣಿಗಲಿನ ಕಡೆಗೆ ಒಯ್ಯುವ ಸಂಪರ್ಕ ನಾಲೆಯ ಯೋಜನೆಯನ್ನು 2025ರಲ್ಲಿ ಗುಬ್ಬಿ ಸೀಮೆಯ ರೈತರು ಬಲವಾಗಿ ವಿರೋಧಿಸಿದರು. ತಮ್ಮ ಪಾಲಿಗೆ ಬರುವ ನೀರು ಕಡಿಮೆಯಾದೀತೆಂಬುದು ಅವರ ಅಂಜಿಕೆ. ತಮಗೆ ಸಲ್ಲಬೇಕಾದುದು ತಲುಪಲಿಲ್ಲವೆಂಬುದು ಕುಣಿಗಲಿನವರ ಅಳಲು. ಇಲ್ಲಿ ಯಾರೂ ದುಷ್ಟರಲ್ಲ. ತೋಟ ಒಣಗುವ ಭಯ ಎರಡು ಕಡೆಯೂ ಒಂದೇ. ಗುಬ್ಬಿಯ ಒಬ್ಬಳು, ಕುಣಿಗಲಿನ ಒಬ್ಬನು ತುಮಕೂರಿನ ಒಂದೇ ತರಗತಿಯಲ್ಲಿ ಕುಳಿತಿದ್ದಾರೆಂದು ಭಾವಿಸಿದರೆ, ಅವರ ನಡುವಣ ಹಗೆಯನ್ನು ಯಾವ ಜ್ವರವೂ ಕಳೆಯಲಾರದು. ಒಬ್ಬರು ಇನ್ನೊಬ್ಬರ ಕೆರೆಯನ್ನು ಕಣ್ಣಾರೆ ಕಾಣಬೇಕು. ಕಂಡ ಮೇಲೂ ತಮ್ಮ ಮನೆಯವರನ್ನು ಬಿಟ್ಟುಕೊಡಲಾರದ ಸಂಕಟವನ್ನು ಅನುಭವಿಸಬೇಕು. ಆಗ ಹುಟ್ಟುವ ಒಲವಿಗೆ ತೂಕವಿರುತ್ತದೆ. ಅದು ನಾಲೆಯ ವ್ಯಾಜ್ಯವನ್ನು ತೀರಿಸದೆಯೂ ಇರಬಹುದು. ತೀರಿಸಬೇಕೆಂಬ ನಿಯಮವೂ ಇಲ್ಲ.

ಇಷ್ಟು ಭಾರವನ್ನು ಪ್ರಣಯ ಕಾದಂಬರಿ ಹೊರಬೇಕೇ, ದಣಿದ ಓದುಗರಿಗೆ ಒಂದಿಷ್ಟು ಹರ್ಷ ಕೊಟ್ಟರೆ ಸಾಲದೇ ಎಂಬ ಆಕ್ಷೇಪ ಸಹಜ. ಹರ್ಷವನ್ನು ನಾವು ಹಳಿಯುವುದಿಲ್ಲ. ಸುಖಾಂತವೂ ಈ ಪ್ರಕಾರದ ಧರ್ಮವೇ. ಆದರೆ ಈ ಕಥೆಗಳನ್ನು ಓದುವವರಲ್ಲಿ ಬಾಳಿನ ಹೊಸ್ತಿಲಲ್ಲಿ ನಿಂತ ಎಳೆಯರು ಬಹುಮಂದಿ. ಒರಟು ಮಾತು ಒಲವಿನ ಮೊದಲ ಮೆಟ್ಟಿಲೆಂದೂ, ಬೇಡವೆಂದವಳ ಬೆನ್ನು ಬಿಡದಿರುವುದು ನಿಷ್ಠೆಯೆಂದೂ ಕಥೆ ಕಲಿಸಿದರೆ, ಅದರ ಬೆಲೆಯನ್ನು ತೆರುವವರು ಪಾತ್ರಗಳಲ್ಲ. ಆದುದರಿಂದ ತರಗತಿಯಲ್ಲಿ ಇಂತಹ ಕಾದಂಬರಿ ಕೈಗೆ ಬಂದಾಗ ಅದನ್ನು ಕಸಿದಿಡುವ ಬದಲು ಮೂರು ಪ್ರಶ್ನೆಗಳನ್ನು ಕೇಳುವುದು ಲೇಸು. ಹಗೆಗೆ ನಿಜವಾದ ಕಾರಣವಿತ್ತೇ? ನಡುವೆ ನಿಂತುದು ಏನು? ಬದಲಾದವರು ಒಬ್ಬರೋ ಇಬ್ಬರೋ? ಈ ಮೂರಕ್ಕೂ ನೇರವಾದ ಉತ್ತರ ಕೊಡಬಲ್ಲ ಕಾದಂಬರಿ, ಎಷ್ಟೇ ಅಗ್ಗದ ಹೊದಿಕೆಯಲ್ಲಿ ಬಂದಿರಲಿ, ಸಾಹಿತ್ಯದ ಒಳಬಾಗಿಲಿಗೆ ಬಂದಂತೆಯೇ ಸರಿ.